ತಲೆ ಗುರುವಾರದ್ದು, ಕಾಲು ಶುಕ್ರವಾರದ್ದು

ಬೈಯಲೆಂದೇ ಫೋನ್ ಮಾಡುವವರನ್ನು ಸಂಭಾಳಿಸುವುದು ಸುಲಭ. ಅವರು ಬೈಯುತ್ತಾರೆ, ನಾವು ಹೂಂಗುಟ್ಟುತ್ತೇವೆ, ಇಬ್ಬರ ಪಿತ್ತವೂ ಇಳಿಯುತ್ತದೆ. ಪ್ರಾಣ ತಿನ್ನುವವರು ವಿನಯವಂತರು. ಶನಿವಾರ ಬೆಳಿಗ್ಗೆ ಸೊಸೆ ಆಫೀಸಿನ ಬೀಗಕ್ಕೆ ಕೀಲಿ ತೂರಿಸುವಷ್ಟರಲ್ಲೇ ಒಳಗೆ ಫೋನ್ ಹೊಡೆದುಕೊಳ್ಳುತ್ತಿತ್ತು. ಯಾರದ್ದೆಂದು ಗೊತ್ತೇ ಇತ್ತು.

“ನಮಸ್ಕಾರ ಮೇಡಂ, ಮತ್ತೆ ತೊಂದ್ರೆ ಕೊಡ್ತಿದೀನಿ. ಇವತ್ತೂ ಅದೇ ಕತೆ. ಫೈಲ್ ಪೂರ್ತಿ ಇಳೀತು, ತೆರೆಯೋಕೆ ಹೋದ್ರೆ ‘ಹಾಳಾಗಿದೆ’ ಅಂತಿದೆ. ಐದನೇ ಸಲ. ನನ್ನಿಂದ ಏನಾದ್ರೂ ತಪ್ಪಾಗಿದ್ರೆ ದಯವಿಟ್ಟು ಹೇಳಿ.”

ಆ ತುದಿಯಲ್ಲಿದ್ದವನು ದೂರದ ಬೆಟ್ಟದ ಮೇಲಿನ ಆಸ್ಪತ್ರೆಯೊಂದರ ಟೆಲಿಫೋನ್ ಆಪರೇಟರ್. ಹುಟ್ಟಿನಿಂದ ಕಣ್ಣು ಕಾಣದವನು. ಹಗಲೆಲ್ಲ ಡಾಕ್ಟರುಗಳಿಗೂ ರೋಗಿಗಳ ಮನೆಯವರಿಗೂ ಲೈನು ಜೋಡಿಸುತ್ತ, ಬಿಡುವು ಸಿಕ್ಕಾಗೆಲ್ಲ ಕಾನೂನು ಓದಿದವನು; ಓದಿದವನು ಅಂದರೆ ಕೇಳಿದವನು. ವಕೀಲನಾಗುವ ಅರ್ಹತಾ ಪರೀಕ್ಷೆಗೆ ಮೂರು ಸಲ ಮಾತ್ರ ಕೂರಬಹುದು ಅನ್ನುವುದು ನಿಯಮ. ಎರಡು ಸಲ ಕೂದಲೆಳೆಯಲ್ಲಿ ತಪ್ಪಿತ್ತು. ಮೂರನೆಯದು ಸೋಮವಾರ ಬೆಳಿಗ್ಗೆ ಹತ್ತಕ್ಕೆ. ಈ ವರ್ಷ ಸಾಕ್ಷ್ಯದ ಕಾನೂನಿಗೆ ತಿದ್ದುಪಡಿಯಾಗಿ ಪಠ್ಯಪುಸ್ತಕದ ಒಂಬತ್ತು, ಹದಿನಾಲ್ಕು, ಹದಿನೈದನೆಯ ಅಧ್ಯಾಯಗಳು ಪೂರ್ತಿ ಬದಲಾಗಿದ್ದವು. ಆ ಮೂರು ಕಿವಿಗೆ ಬೀಳದೆ ಅವನು ಪರೀಕ್ಷೆಗೆ ಹೋಗುವುದೂ ಒಂದೇ, ಮನೆಯಲ್ಲಿ ಮುಸುಕು ಹೊದ್ದು ಮಲಗುವುದೂ ಒಂದೇ.

ಆ ಪುಸ್ತಕ ಇದ್ದದ್ದು ಸೊಸೆಯ ಸರ್ವರಿನಲ್ಲಿ. ಕಣ್ಣು ಕಾಣದವರಿಗಾಗಿ ಪುಸ್ತಕಗಳನ್ನು ಓದಿ, ದನಿಯಾಗಿ ಹಂಚುವ ಗ್ರಂಥಾಲಯ ಅದು. ಬಟ್ಟೆ ಇಸ್ತ್ರಿ ಮಾಡುವ ಅಂಗಡಿಯ ಮೇಲೆ ಮೂರು ಕೋಣೆ, ಹಿಂದೆ ಕೋಟು ನೇತುಹಾಕುತ್ತಿದ್ದ ಕಪಾಟಿನಲ್ಲಿ ಎರಡು ಸರ್ವರು, ಕೆಳಗಿನಿಂದ ಏರಿ ಬರುವ ಬಿಸಿ ಆವಿ. ಅಲ್ಲಿನ ಯಂತ್ರಗಳ ಸಮಸ್ತ ಜವಾಬ್ದಾರಿ ಹನ್ನೊಂದು ವರ್ಷದಿಂದ ಅವಳದ್ದೇ. ಆದರೂ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ‘ಅಮ್ಮನ ಸೊಸೆ’ ಎಂದು, ಆಮೇಲೆ ಚಿಕ್ಕದಾಗಿ ‘ಸೊಸೆ’ ಎಂದು. ಯಾಕೆಂದರೆ ಆ ಗ್ರಂಥಾಲಯದ ದನಿ ಅವಳ ಅತ್ತೆಯದ್ದು. ಇಪ್ಪತ್ತಾರು ವರ್ಷ ರೇಡಿಯೋದಲ್ಲಿ ವಾರ್ತೆ ಓದಿ ನಿವೃತ್ತರಾದ ಅತ್ತೆ, ಮನೆಯ ಬಟ್ಟೆಕೋಣೆಗೆ ಹಳೆಯ ಕಂಬಳಿಗಳನ್ನು ಹೊಡೆದು, ಅದರೊಳಗೆ ಕೂತು ನೂರಾರು ಪುಸ್ತಕ ಓದಿ ಮುಗಿಸಿದ್ದರು. ಸರ್ವರ್ ಕೆಟ್ಟರೆ ಜನ ಸೊಸೆಯನ್ನು ನೆನೆಯುತ್ತಿದ್ದರು, ಚೆನ್ನಾಗಿದ್ದರೆ ಅತ್ತೆಯನ್ನು.

ಸಾಕ್ಷ್ಯದ ಪುಸ್ತಕ ಅರವತ್ತೊಂದು ಗಂಟೆಯ ದನಿ. ಪ್ರಕಾಶಕರು ಕೊಟ್ಟ ಅನುಮತಿ ಪತ್ರದಲ್ಲಿ ಒಂದು ಷರತ್ತು: ಇಡೀ ಪುಸ್ತಕವನ್ನು ಒಂದೇ ಗಂಟಾಗಿ ಕಟ್ಟಿ, ಬೀಗ ಹಾಕಿ, ನೋಂದಾಯಿಸಿದ ಓದುಗರಿಗೆ ಮಾತ್ರ ಕೊಡಬೇಕು, ಬಿಡಿ ಅಧ್ಯಾಯ ಕೊಡಕೂಡದು. ಹಾಗಾಗಿ ಅದೊಂದು ಮೂರೂವರೆ ಜಿಬಿಯ ದೊಡ್ಡ ಗಂಟು. ಊರಿನವರಿಗೆ ಆರು ನಿಮಿಷದಲ್ಲಿ ಇಳಿಯುತ್ತದೆ. ಬೆಟ್ಟದ ಲೈನಿನಲ್ಲಿ ಹತ್ತೊಂಬತ್ತು ಗಂಟೆ ಬೇಕು, ಅದೂ ಲೈನು ಬೀಳದಿದ್ದರೆ. ಬಿದ್ದರೆ ಎಲ್ಲಿ ನಿಂತಿತ್ತೋ ಅಲ್ಲಿಂದ ಮುಂದುವರಿಯುತ್ತದೆ.

ನಾಲ್ಕು ಸಲವೂ ಸೊಸೆ ಹೇಳಿದ್ದು ಒಂದೇ ಮಾತು: “ಇನ್ನೊಂದ್ಸಲ ಇಳಿಸ್ಕೊಂಡು ನೋಡಿ.” ಜಗತ್ತಿನ ಎಲ್ಲ ಸರ್ವರ್‌ಗಳ ಪೂಜಾರಿಗಳೂ ಹೇಳುವ ಮಂತ್ರ ಅದು. ಗುರುವಾರವೇ ಒಂದು ಪೆನ್‌ಡ್ರೈವ್ ಕೊರಿಯರಿಗೆ ಹಾಕಿದ್ದರೆ ಇಷ್ಟೊತ್ತಿಗೆ ತಲುಪಿರುತ್ತಿತ್ತು. ಇವತ್ತು ಹಾಕಿದರೆ ಬೆಟ್ಟ ಹತ್ತುವುದು ಮಂಗಳವಾರ. ಆ ಯೋಚನೆ ಬಂದದ್ದೇ ತಡ, ಅವಳಿಗೆ ಕುರ್ಚಿಯಲ್ಲಿ ಕೂರಲಾಗಲಿಲ್ಲ.

“ಮತ್ತೆ ಶುರು ಮಾಡ್ಲಾ ಮೇಡಂ?”

“ಬೇಡ, ಇರಿ. ಇವತ್ತು ಇದರ ಬುಡ ನೋಡದೆ ನಿಮ್ಮನ್ನ ಓಡಿಸಲ್ಲ. ಒಂದು ಗಂಟೆ ಕೊಡಿ.”

ಹೇಳಿದ್ದೇನೋ ಹೇಳಿಬಿಟ್ಟಳು. ಬುಡ ಎಲ್ಲಿದೆ ಎಂದು ಗೊತ್ತಿದ್ದರೆ ತಾನೆ! ಕುಣಿಯಲಾರದವಳು ನೆಲ ಡೊಂಕು ಎಂದ ಹಾಗೆ ಮೊದಲ ಮೂರು ದಿನ ಅವನ ಲೈನನ್ನೇ ದೂರಿದ್ದಳು. ಆಮೇಲೆ ಅವನ ಕಂಪ್ಯೂಟರಿನಲ್ಲಿ ಜಾಗ ಇಲ್ಲವೇನೋ ಎಂದುಕೊಂಡಳು, ಇತ್ತು, ಬೇಕಾದಷ್ಟು. ಸರ್ವರಿನ ಡಿಸ್ಕ್ ಪರೀಕ್ಷಿಸಿದಳು, ಗಟ್ಟಿಮುಟ್ಟು. ಮೆಮೊರಿ ಪರೀಕ್ಷಿಸಿದಳು, ಅದೂ ಸರಿ. ತಾನೇ ಆ ಗಂಟನ್ನು ಏಳು ಸಲ ಇಳಿಸಿಕೊಂಡಳು. ಏಳೂ ಸಲ ಬಾಗಿಲು ತೆರೆದು, ಅತ್ತೆಯ ಗಂಭೀರ ದನಿ “ಮೊದಲನೆಯ ಅಧ್ಯಾಯ” ಎಂದಿತು. ಅದನ್ನು ಕೇಳಿದಾಗೆಲ್ಲ ಅವಳಿಗೆ ತನ್ನನ್ನೇ ಯಾರೋ ಗದರಿಸಿದ ಹಾಗಾಗುತ್ತಿತ್ತು.

ತಲೆ ಕೆಡಿಸಿದ್ದು ಇನ್ನೊಂದು ಸಂಗತಿ. ಅವನಿಗೆ ಇಳಿದ ಫೈಲಿನ ಗಾತ್ರ ಸರ್ವರಿನಲ್ಲಿರುವುದಕ್ಕೆ ಒಂದಕ್ಷರವೂ ಹೆಚ್ಚುಕಡಿಮೆ ಇಲ್ಲದೆ ಸಮ. ಅರ್ಧಕ್ಕೆ ನಿಂತುಹೋದ ಫೈಲಾದರೆ ಗಿಡ್ಡವಿರಬೇಕು. ಇದು ಮೈಕಟ್ಟಿನಲ್ಲಿ ತದ್ರೂಪು, ಒಳಗೆ ಮಾತ್ರ ಕೊಳೆತದ್ದು. ದೂರುಗಳ ಪಟ್ಟಿ ತೆಗೆದು ನೋಡಿದಳು. ಇದೇ ಪುಸ್ತಕದ ಬಗ್ಗೆ ಇನ್ನೂ ಮೂವರು ಬರೆದಿದ್ದರು: ಒಬ್ಬಳು ದ್ವೀಪದಲ್ಲಿರುವವಳು, ಒಬ್ಬ ಗಣಿಯ ವಸತಿಯವನು, ಇನ್ನೊಬ್ಬರು ಮಗಳ ಮನೆಯ ಮೊಬೈಲಿನಲ್ಲಿ ಕೇಳುವ ಅಜ್ಜ. ಎಲ್ಲರೂ ನಿಧಾನದ ಲೈನಿನವರೇ. ಬೇಗ ಇಳಿಸಿಕೊಂಡವರಲ್ಲಿ ಒಬ್ಬರೂ ದೂರಿರಲಿಲ್ಲ. ಅಂದರೆ ನಿಧಾನಕ್ಕೂ ಕೊಳೆಯುವುದಕ್ಕೂ ಏನೋ ಸಂಬಂಧ ಇದೆ. ಹಾಲೇನಾದರೂ ಆಗಿದ್ದರೆ ಒಪ್ಪಬಹುದಿತ್ತು, ಇದು ಫೈಲು.

ಹತ್ತು ಗಂಟೆಗೆ ಅವಳೇ ಫೋನ್ ಮಾಡಿದಳು. ಯಾವ ಫೈಲಿಗಾದರೂ ಕಂಪ್ಯೂಟರು ಒಂದು ಬೆರಳಚ್ಚು ತೆಗೆದುಕೊಡುತ್ತದೆ. ಒಳಗಿನ ಒಂದು ಚುಕ್ಕೆ ಬದಲಾದರೂ ಬೆರಳಚ್ಚು ಪೂರ್ತಿ ಬೇರೆಯಾಗುತ್ತದೆ. ಇಡೀ ಫೈಲಿನ ಬೆರಳಚ್ಚು ಹೊಂದುವುದಿಲ್ಲ ಎಂದು ಮೊದಲೇ ಗೊತ್ತಿತ್ತು. ಈಗ ಆ ಫೈಲನ್ನು ಮೂವತ್ತಾರು ತುಂಡು ಮಾಡಿ, ಒಂದೊಂದು ತುಂಡಿನ ಬೆರಳಚ್ಚು ಬೇರೆ ಬೇರೆ ತೆಗೆಯುವ ಪುಟ್ಟ ಪ್ರೋಗ್ರಾಮ್ ಬರೆದು ಅವನಿಗೆ ಕಳಿಸಿದಳು.

“ಪ್ರತಿ ಸಾಲಿನ ಮೊದಲ ನಾಲ್ಕು ಅಕ್ಷರ ಓದಿ ಸಾಕು. ನಾನಿಲ್ಲಿ ಸರ್ವರಿನದ್ದರ ಜೊತೆ ತಾಳೆ ನೋಡ್ತೀನಿ.”

ಅವನು ಓದಿದ. ಎಷ್ಟಾದರೂ ಟೆಲಿಫೋನ್ ಆಪರೇಟರು. ಒಂದು ತೊದಲಿಲ್ಲ, ಒಂದು ‘ಏನಂದೆ’ ಇಲ್ಲ. ಒಂದನೆಯ ತುಂಡು ಹೊಂದಲಿಲ್ಲ. ಎರಡು ಹೊಂದಲಿಲ್ಲ. ಮೂರು, ನಾಲ್ಕು, ಐದು, ಯಾವುದೂ ಇಲ್ಲ. ಹತ್ತಕ್ಕೆ ಬಂದಾಗ ಅವಳ ಪೆನ್ಸಿಲಿನ ಮೊನೆ ಮುರಿಯಿತು. ಹದಿನಾಲ್ಕೂ ಇಲ್ಲ. ಹದಿನೈದು ಹೊಂದಿತು. ಹದಿನಾರು ಹೊಂದಿತು. ಅಲ್ಲಿಂದ ಮೂವತ್ತಾರರವರೆಗೆ ಎಲ್ಲವೂ ಅಚ್ಚೊತ್ತಿದ ಹಾಗೆ ಸರಿ.

“ಮೇಡಂ, ಇದೀರಾ?”

“ಇದೀನಿ. ಉಸಿರು ತಗೋತಿದೀನಿ.”

ಹಾಳಾಗುವ ಫೈಲು ಬಾಲದಲ್ಲಿ ಹಾಳಾಗಬೇಕು. ಇದರ ಬಾಲ ಬಂಗಾರದಂತಿದೆ, ತಲೆ ಬೇರೆ ಯಾರದ್ದೋ. ಯಾರದ್ದು? ಅವನು ಇಳಿಸಲು ಶುರು ಮಾಡಿದ್ದು ಗುರುವಾರ ಸಂಜೆ. ಅವಳು ಬ್ಯಾಕಪ್ಪಿನಿಂದ ಗುರುವಾರದ ಗಂಟನ್ನು ಹೊರಗೆಳೆದು ಅದನ್ನೂ ತುಂಡು ಮಾಡಿ ನೋಡಿದಳು. ಒಂದರಿಂದ ಹದಿನಾಲ್ಕು, ಅಲ್ಲಿದ್ದವು, ಎಲ್ಲವೂ. ಬೆಟ್ಟಕ್ಕೆ ತಲುಪಿದ ಫೈಲಿನ ತಲೆ ಗುರುವಾರದ್ದು, ಕಾಲು ಶುಕ್ರವಾರದ್ದು. ಶುಕ್ರವಾರ ಅವನು ಇನ್ನೂ ಅರ್ಧ ದಾರಿಯಲ್ಲಿದ್ದಾಗ ಸರ್ವರಿನಲ್ಲಿ ಯಾರೋ ಹಳೆಯ ಗಂಟು ತೆಗೆದು, ಅದೇ ಹೆಸರಿನ ಹೊಸ ಗಂಟು ಇಟ್ಟಿದ್ದರು. ಪ್ರತಿ ಸಲ ಕಟ್ಟಿದಾಗಲೂ ಗಂಟಿನ ಬೀಗ ಹೊಸದು; ಬೀಗ ಹೊಸದಾದರೆ ಒಳಗಿನ ಒಂದೊಂದು ಅಕ್ಷರವೂ ಬೇರೆ. ಈ ಎರಡರ ಅರ್ಧರ್ಧ ಜೋಡಿಸಿದರೆ ಯಾವ ಕೀಲಿಗೂ ತೆರೆಯುವುದಿಲ್ಲ. ಆರು ನಿಮಿಷದಲ್ಲಿ ಇಳಿಸಿಕೊಳ್ಳುವವರ ಮಧ್ಯೆ ಇದು ನುಸುಳುವುದು ಕಷ್ಟ. ಹತ್ತೊಂಬತ್ತು ಗಂಟೆಯವನು ತಪ್ಪಿಸಿಕೊಳ್ಳುವುದು ಕಷ್ಟ.

ಸರ್ವರಿನ ದಿನಚರಿ ತೆರೆದು, ಗಂಟು ಬದಲಾಯಿಸಿದ ಸಾಲುಗಳನ್ನಷ್ಟೇ ಆರಿಸಿದಳು. ಹನ್ನೆರಡು ದಿನದಲ್ಲಿ ಒಂಬತ್ತು ಸಲ. ಪ್ರತಿ ಸಲವೂ ಹೆಚ್ಚೂಕಡಿಮೆ ಬೆಳಿಗ್ಗೆ ಹನ್ನೊಂದು ನಲವತ್ತಕ್ಕೆ. ಮಾಡಿದವರ ಹೆಸರಿನ ಜಾಗದಲ್ಲಿ ಒಂಬತ್ತೂ ಸಲ ಅತ್ತೆಯ ಹೆಸರು.

ಕಂಕುಳಲ್ಲಿ ಮಗು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತು. ದಿನಾ ಒಂದೇ ಮೇಜಿನಲ್ಲಿ ಊಟ ಮಾಡುವ ಅತ್ತೆ! ಸೊಸೆಗೆ ಮೊದಲು ಬಂದದ್ದು ಸಿಟ್ಟು, ಬೆನ್ನಿಗೇ ಬಂದದ್ದು ನಾಚಿಕೆ. ಯಾಕೆಂದರೆ ಅತ್ತೆಯ ಕೈಗೆ ಆ ಹಸಿರು ಗುಂಡಿ ಕೊಟ್ಟವಳು ತಾನೇ. ಹಿಂದೆ ಅತ್ತೆ ಒಂದು ಸಾಲು ತಿದ್ದಿ ಓದಿದರೂ, “ಇದನ್ನ ಹಾಕಿಕೊಡು” ಎಂದು ಆಫೀಸಿಗೆ ಫೋನ್ ಮಾಡುತ್ತಿದ್ದರು. ದಿನಕ್ಕೆ ನಾಲ್ಕು ಸಲ. ಕಾಟ ತಡೆಯಲಾರದೆ ಮನೆಯ ಕಂಪ್ಯೂಟರಿನಲ್ಲಿ ‘ಬದಲಾಯಿಸು’ ಎಂಬ ದಪ್ಪ ಹಸಿರು ಗುಂಡಿ ಮಾಡಿಟ್ಟಳು. ಒತ್ತಿದರೆ ಹೊಸ ಅಧ್ಯಾಯ ಸೇರಿಕೊಂಡು, ಗಂಟು ತಾನೇ ಮತ್ತೆ ಕಟ್ಟಿಕೊಂಡು, ಹಳೆಯದರ ಜಾಗದಲ್ಲಿ ಕೂರುತ್ತಿತ್ತು. ದನಿ ಕೊಡುವ ಬೇರೆ ಓದುಗರ್‍ಯಾರಿಗೂ ಇಲ್ಲದ ಅನುಕೂಲ. ಮನೆಯ ನೆಮ್ಮದಿಗಾಗಿ ಆಫೀಸಿನ ಬಾಗಿಲು ತೆರೆದಿಟ್ಟಿದ್ದಳು.

ಅಷ್ಟೇ ಆಗಿದ್ದರೆ ಪೂರ್ತಿ ತಪ್ಪು ಅತ್ತೆಯದ್ದು ಅನ್ನಬಹುದಿತ್ತು. ಅರ್ಧಕ್ಕೆ ನಿಂತ ಡೌನ್‌ಲೋಡು ಮತ್ತೆ ಹೊರಡುವಾಗ, “ನಾನು ಬಿಟ್ಟುಹೋದ ಫೈಲು ಇದೇ ತಾನೆ?” ಎಂದು ಕೇಳುವ ಪದ್ಧತಿ ಇದೆ, ಸರ್ವರು ಒಂದು ಗುರುತು ತೋರಿಸುತ್ತದೆ. ಗುರುತು ಬದಲಾಗಿದ್ದರೆ ಹಳೆಯದನ್ನು ಎಸೆದು ಮೊದಲಿನಿಂದ ಶುರು. ಸೊಸೆಯ ಎರಡು ಸರ್ವರುಗಳು ಒಂದೇ ಫೈಲಿಗೆ ಎರಡು ಬೇರೆ ಗುರುತು ತೋರಿಸುತ್ತಿದ್ದವು. ಎತ್ತು ಏರಿಗೆ, ಕೋಣ ನೀರಿಗೆ. ಲೈನು ಬಿದ್ದಾಗೆಲ್ಲ ಜನರಿಗೆ ಮೊದಲಿನಿಂದ ಇಳಿಸುವ ಗೋಳು. ಎರಡನ್ನೂ ಒಂದು ದಾರಿಗೆ ತರುವ ಪುರುಸೊತ್ತಿಲ್ಲದೆ ಎಂಟು ತಿಂಗಳ ಹಿಂದೆ ಅವಳು ಗುರುತು ತೋರಿಸುವುದನ್ನೇ ನಿಲ್ಲಿಸಿಬಿಟ್ಟಿದ್ದಳು. ಆಮೇಲೆ ಸರಿ ಮಾಡಿದರಾಯಿತು ಅಂದುಕೊಂಡಿದ್ದಳು. ಆ ‘ಆಮೇಲೆ’ ಬಂದದ್ದು ಇವತ್ತು.

ಗಡಿಯಾರ ನೋಡಿದಳು. ಹನ್ನೊಂದು ಮೂವತ್ತೊಂದು. ಇನ್ನು ಒಂಬತ್ತು ನಿಮಿಷಕ್ಕೆ ಅತ್ತೆಯ ಬೆರಳು ಗುಂಡಿಯ ಮೇಲೆ. ಫೋನ್ ಮಾಡಿದಳು, ರೆಕಾರ್ಡಿಂಗಿನ ಹೊತ್ತಿನಲ್ಲಿ ಅತ್ತೆ ಫೋನ್ ಆರಿಸಿ, ಕಂಬಳಿಯೊಳಗೆ ಕೂರುತ್ತಾರೆ. ಗಂಡನಿಗೆ ಮಾಡಿದಳು, ಅವನು ಹೊರಗೆಲ್ಲೋ ಇದ್ದ, “ನಿಮ್ಮಿಬ್ಬರ ಮಧ್ಯೆ ನನ್ನನ್ನ ಎಳೀಬೇಡ” ಎಂದ. ಇಪ್ಪತ್ತು ವರ್ಷದಿಂದ ಅವನ ಬಾಳು ಸುಗಮವಾಗಿ ಸಾಗಿದ್ದೇ ಈ ಒಂದು ವಾಕ್ಯದ ಮೇಲೆ. ಹನ್ನೊಂದು ಮೂವತ್ತಾರಕ್ಕೆ ಸೊಸೆ ಎದ್ದು ನಿಂತಳು, ಕೂತಳು, ಮತ್ತೆ ಎದ್ದಳು. ಕೊನೆಗೆ ನಿಂತುಕೊಂಡೇ ಎರಡು ಸಾಲು ಹೊಡೆದು, ಸರ್ವರಿನಿಂದ ಅತ್ತೆಯ ಪ್ರವೇಶವನ್ನು ಕಿತ್ತುಹಾಕಿದಳು. ಗುರುತು ತೋರಿಸುವುದನ್ನು ಎರಡೂ ಸರ್ವರಿನಲ್ಲಿ ಒಂದೇ ಥರ ಮಾಡಿ ಮತ್ತೆ ಶುರು ಮಾಡಿದಳು. ಹೊಸ ಗಂಟಿಗೆ ಇನ್ನು ಮುಂದೆ ಹೊಸ ಹೆಸರು, ಹಳೆಯದನ್ನು ಯಾರೂ ಮುಟ್ಟುವಂತಿಲ್ಲ ಎಂದು ಬರೆದಳು.

“ಈಗ ಶುರು ಮಾಡಿ,” ಎಂದಳು ಆಪರೇಟರಿಗೆ. “ಹಳೇದನ್ನೆಲ್ಲ ಎಸೀರಿ. ಈ ಸಲ ಎಷ್ಟು ಸಲ ಲೈನ್ ಬಿದ್ರೂ ಫೈಲ್ ಹಾಳಾಗಲ್ಲ.”

“ಎಸೆದೆ ಮೇಡಂ. ನಾಳೆ ಬೆಳಿಗ್ಗೆ ಏಳಕ್ಕೆ ಕೈಗೆ ಬರುತ್ತೆ. ಪೂರ್ತಿ ಭಾನುವಾರ ಇದೆ, ಸಾಕು.” ಅವನು ಕೇಳಲಿಲ್ಲ, ಏನಾಗಿತ್ತು ಎಂದು. ಕೇಳಿದ್ದರೆ ಒಳ್ಳೆಯದಿತ್ತು, ಹೇಳಿ ಹಗುರಾಗಬಹುದಿತ್ತು.

ಮನೆಗೆ ಹೋಗುವ ಬಸ್ಸಿನಲ್ಲಿ ಸೀಟು ಖಾಲಿ ಇದ್ದರೂ ಅವಳು ನಿಂತೇ ಹೋದಳು. ಅತ್ತೆ ಕಂಪ್ಯೂಟರಿನ ಮುಂದೆ ಕೋಲಿನಂತೆ ನೆಟ್ಟಗೆ ಕೂತಿದ್ದರು. ಗುಂಡಿ ಬೂದಿಯ ಬಣ್ಣಕ್ಕೆ ತಿರುಗಿತ್ತು. ಅದರ ಕೆಳಗೆ ಸೊಸೆಯೇ ಎಂದೋ ಬರೆದಿಟ್ಟಿದ್ದ ಸಾಲು: ‘ನಿಮಗೆ ಅನುಮತಿ ಇಲ್ಲ.’

“ನನಗೆ ಅನುಮತಿ ಇಲ್ಲವಂತೆ,” ಅತ್ತೆ ವಾರ್ತೆ ಓದುವ ದನಿಯಲ್ಲೇ ಹೇಳಿದರು. “ಕೊಟ್ಟೋರು ಯಾರು, ಕಿತ್ತೋರು ಯಾರು, ತಿಳ್ಕೋಬಹುದಾ?”

“ಕೊಟ್ಟಿದ್ದೂ ನಾನೇ, ಕಿತ್ತಿದ್ದೂ ನಾನೇ ಅತ್ತೆ. ಫೋನ್ ಮಾಡಿದ್ದೆ, ನೀವು ಒಳಗಿದ್ರಿ.”

“ಒಳಗಿದ್ದೋರು ಹೊರಗೆ ಬರೋತನಕ ಕಾಯೋಕಾಗ್ಲಿಲ್ಲ.”

“ಆಗ್ತಿರ್ಲಿಲ್ಲ,” ಎಂದಳು ಸೊಸೆ, ಮತ್ತು ಎಲ್ಲವನ್ನೂ ಹೇಳಿದಳು. ಗಂಟು, ಬೀಗ, ಗುರುವಾರದ ತಲೆ, ಶುಕ್ರವಾರದ ಕಾಲು, ತಾನು ಎಂಟು ತಿಂಗಳ ಹಿಂದೆ ಎಬ್ಬಿಸಿ ಕಳಿಸಿದ ಗುರುತಿನ ಕಾವಲು. ಅತ್ತೆ ಒಡೆದ ಪಾತ್ರೆಗೆ ಬೆಲೆ ಇಲ್ಲ ಅನ್ನುತ್ತಾರೆ. ಇಲ್ಲಿ ಇಬ್ಬರೂ ಸೇರಿ ಒಡೆದಿದ್ದರು, ಬೆಲೆ ತೆರುತ್ತಿದ್ದವನು ಮಾತ್ರ ಬೆಟ್ಟದ ಮೇಲಿದ್ದ.

ಅತ್ತೆ ಎದ್ದು ಬಟ್ಟೆಕೋಣೆಗೆ ಹೋಗಿ ಒಂದು ಹಾಳೆ ತಂದು ಸೊಸೆಯ ಕೈಗಿಟ್ಟರು. ಎರಡು ವಾರದ ಹಿಂದೆ ಓದುಗನೊಬ್ಬ ಕಳಿಸಿದ್ದ ಸಂದೇಶ. ಅತ್ತೆ ಅದನ್ನು ಮುದ್ರಿಸಿ ಇಟ್ಟುಕೊಂಡಿದ್ದರು. ‘ಅಮ್ಮಾ, ಚಿಕ್ಕಂದಿನಿಂದ ನಿಮ್ಮ ದನಿಯಲ್ಲೇ ಓದಿದವನು ನಾನು. ಹೊಸ ಪುಸ್ತಕದ ಮಾದರಿ ತುಣುಕು ಕೇಳಿದೆ. ಬಹಳ ಚೆನ್ನಾಗಿದೆ. ಸ ಅಕ್ಷರ ಬಂದಾಗ ಒಂದು ಸಣ್ಣ ಸೀಟಿ ಕೇಳಿಸಿತು, ಮೈಕಿನದ್ದಿರಬಹುದು. ಹೇಳಿದ್ದಕ್ಕೆ ಕ್ಷಮೆಯಿರಲಿ.’ ಕೆಳಗೆ ಬೆಟ್ಟದ ಆಸ್ಪತ್ರೆಯ ವಿಳಾಸ.

“ಮೈಕಲ್ಲ, ಹಲ್ಲು,” ಎಂದರು ಅತ್ತೆ. “ಹೊಸ ಹಲ್ಲಿನ ಸೆಟ್ಟು. ಅವನು ಹೇಳೋವರೆಗೂ ನನಗೆ ಗೊತ್ತಾಗ್ಲಿಲ್ಲ. ಆಮೇಲೆ ಕೇಳಿದ್ರೆ ಎಲ್ಲಾ ಕಡೆ ಸೀಟಿ. ಸಾಕ್ಷಿ ಅಂದ್ರೆ ಸೀಟಿ, ಸಾಬೀತು ಅಂದ್ರೆ ಸೀಟಿ. ಆ ಪುಸ್ತಕದಲ್ಲಿ ಸ ಇಲ್ಲದ ಸಾಲೇ ಇಲ್ಲ. ದಿನಕ್ಕೊಂದು ಅಧ್ಯಾಯ ಮತ್ತೆ ಓದ್ದೆ. ಆ ಹುಡುಗನಿಗೋಸ್ಕರ ಓದ್ದೆ.”

“ಅವನಿಗೇ ತಲುಪ್ಲಿಲ್ಲ ಅತ್ತೆ.”

ಅಷ್ಟು ನೇರವಾಗಿ ಹೇಳಬಾರದಿತ್ತು. ಅತ್ತೆಯ ಮುಖ ಇಳಿಯಿತು, ಎರಡೂ ಕೈಯಲ್ಲಿ ಕುರ್ಚಿಯ ಬೆನ್ನು ಹಿಡಿದುಕೊಂಡರು. ಇಪ್ಪತ್ತು ವರ್ಷದಲ್ಲಿ ಸೊಸೆ ಆ ಹೆಂಗಸಿನ ಬಗ್ಗೆ ಸಾವಿರ ಸಲ ಸಿಡುಕಿದ್ದಳು. ಅಯ್ಯೋ ಅನ್ನಿಸಿದ್ದು ಇದೇ ಮೊದಲು.

“ರೇಡಿಯೋದಲ್ಲಿ ಇಪ್ಪತ್ತಾರು ವರ್ಷ ನೇರಪ್ರಸಾರದಲ್ಲೇ ಓದಿದ್ರಲ್ಲ,” ಎಂದಳು ಮೆತ್ತಗೆ. “ಓದಿದ ವಾರ್ತೆನ ಯಾವತ್ತಾದ್ರೂ ವಾಪಸ್ ತಗೊಂಡಿದ್ರಾ?”

“ಅದು ಗಾಳಿಗೆ ಹೋಗಿ ಮುಗೀತಿತ್ತು. ತಪ್ಪಾದ್ರೆ ಕ್ಷಮಿಸಿ ಅಂತಿದ್ವಿ, ಮುಂದಿನ ಸುದ್ದಿ. ಇದು ಉಳಿಯುತ್ತೆ. ನಾನು ಹೋದ್ಮೇಲೂ ಸೀಟಿ ಹೊಡೀತಾ ಕೂತಿರುತ್ತೆ. ಉಳಿಯೋದಕ್ಕೆ ಹೆದರ್ಕೋಬೇಕು.” ಆಮೇಲೆ, ಸೋತ ದನಿಯಲ್ಲಿ: “ಅವನಿಗೆ ಬೇಕಾದ ಹದಿನಾಲ್ಕು, ಹದಿನೈದು ಇನ್ನೂ ಸೀಟಿಯ ಹಳೇ ಓದೇ ಇದೆ.”

“ಇರ್ಲಿ. ಅವನಿಗೆ ಸೋಮವಾರ ಪರೀಕ್ಷೆ.”

ಭಾನುವಾರ ಏಳಕ್ಕೆ ಬರಬೇಕಿದ್ದ ಫೋನ್ ಎಂಟಾದರೂ ಬರಲಿಲ್ಲ. ಸೊಸೆ ಅಡುಗೆಮನೆಯಿಂದ ಜಗುಲಿಗೆ, ಜಗುಲಿಯಿಂದ ಅಡುಗೆಮನೆಗೆ ಕಾಲಿಗೆ ಚಕ್ರ ಕಟ್ಟಿಕೊಂಡವಳಂತೆ ಓಡಾಡಿದಳು. ಹಾಲು ಉಕ್ಕಿಸಿದಳು. ಸರ್ವರಿನ ದಿನಚರಿ ನೋಡಿದರೆ, ಬೆಟ್ಟದ ಡೌನ್‌ಲೋಡು ಶನಿವಾರ ಸಂಜೆ ಆರಕ್ಕೆ ಮೂರನೇ ಒಂದು ಭಾಗದಲ್ಲಿ ನಿಂತುಹೋಗಿತ್ತು. ಅವಳ ತಪ್ಪಲ್ಲ, ಅತ್ತೆಯ ತಪ್ಪೂ ಅಲ್ಲ. ಗಾಳಿಗೆ ಎಲ್ಲೋ ಒಂದು ಕಂಬ ಬಿದ್ದಿತ್ತು. ಹನ್ನೊಂದಕ್ಕೆ ಅದು ಮತ್ತೆ ಚಲಿಸಿತು. ಗುರುತು ಕೇಳಿತು, ಸರ್ವರು ತೋರಿಸಿತು, ಬಿಟ್ಟಲ್ಲಿಂದಲೇ ಮುಂದುವರಿಯಿತು. ಅವಳ ರಿಪೇರಿ ಗಟ್ಟಿಯಾಗಿತ್ತು. ಆದರೆ ಉಳಿದದ್ದು ಇನ್ನೂ ಹನ್ನೆರಡೂವರೆ ಗಂಟೆ.

ಅಷ್ಟರಲ್ಲಿ ಫೋನ್ ಬಂತು. “ರಾತ್ರಿ ಹನ್ನೊಂದೂವರೆಗೆ ಇಳಿಯುತ್ತೆ ಮೇಡಂ. ಒಂಬತ್ತು, ಹದಿನಾಲ್ಕು ಎರಡು ಪಟ್ಟು ವೇಗದಲ್ಲಿ ಕೇಳಿದ್ರೆ ಹೇಗೋ ಮುಗಿಸ್ತೀನಿ. ಹದಿನೈದು ಆಗಲ್ಲ. ಅದೇ ದೊಡ್ಡದು, ಪಾಟೀಸವಾಲಿನ ಅಧ್ಯಾಯ. ಪರವಾಗಿಲ್ಲ. ನೀವು ಇಷ್ಟು ಮಾಡಿದ್ರಲ್ಲ.”

ಪರವಾಗಿಲ್ಲ ಎಂದು ಹೇಳುವಾಗ ಮೊದಲ ಸಲ ಅವನ ದನಿ ಒಡೆಯಿತು. ಸೊಸೆ ಫೋನ್ ಇಟ್ಟು, ಅವನು ಹೇಳಿದ್ದನ್ನೆಲ್ಲ ಎದುರಿಗಿದ್ದ ಅತ್ತೆಗೆ ಹೇಳಿ, ಗೋಡೆಗೆ ಹಣೆ ಆನಿಸಿ ನಿಂತಳು.

“ಅವನ ಇಂಟರ್ನೆಟ್ ನಿಧಾನ ಸರಿ,” ಎಂದರು ಅತ್ತೆ. “ಫೋನು?”

“ಆಸ್ಪತ್ರೆ ಫೋನು ಅತ್ತೆ. ಅದೇನೂ...” ಸೊಸೆ ತಿರುಗಿ ನೋಡಿದಳು.

ಅತ್ತೆ ಆಗಲೇ ಕನ್ನಡಕ ಒರೆಸುತ್ತಿದ್ದರು. “ಬಿಡಿ ಅಧ್ಯಾಯದ ಫೈಲು ಕೊಡಬಾರದು ಅಂತ ತಾನೆ ಷರತ್ತು? ಪಕ್ಕದಲ್ಲಿ ಕೂತು ಪುಸ್ತಕ ಓದಿ ಹೇಳೋದಕ್ಕೆ ಯಾವ ಪ್ರಕಾಶಕನ ಅಪ್ಪಣೆ ಬೇಕು? ನಂಬರ್ ಹಚ್ಚು.”

ಅವನಿಗೆ ಹನ್ನೆರಡರಿಂದ ಎಂಟರವರೆಗೆ ಭಾನುವಾರದ ಪಾಳಿ. ಒಂದು ಕಿವಿ ಆಸ್ಪತ್ರೆಗೆ, ಇನ್ನೊಂದು ಅತ್ತೆಗೆ. ಬಟ್ಟೆಕೋಣೆ ಬೇಡ, ಊಟದ ಮೇಜೇ ಸಾಕೆಂದು ಅತ್ತೆ ಪುಸ್ತಕ ಬಿಡಿಸಿ ಕೂತರು. ಕಿಟಕಿ ತೆರೆದೇ ಇತ್ತು, ಬೀದಿಯ ಹಾರ್ನು, ಪಕ್ಕದ ಮನೆಯ ನಲ್ಲಿ, ಎಲ್ಲವೂ ಕೇಳುತ್ತಿತ್ತು. “ಹದಿನೈದನೆಯ ಅಧ್ಯಾಯ,” ಎಂದು ಶುರು ಮಾಡಿದರು. ಎರಡು ಪುಟವೂ ಮುಗಿದಿರಲಿಲ್ಲ.

“ಅಮ್ಮಾ, ಒಂದು ನಿಮಿಷ, ಹೆರಿಗೆ ವಾರ್ಡಿಗೆ ಕಾಲ್.” ಬೆನ್ನಿಗೇ ಟಿಣಿಟಿಣಿ ಸಂಗೀತ. ಮನೆಯಲ್ಲಿ ಚಮಚ ಬಿದ್ದರೂ ಕೆಂಡವಾಗುತ್ತಿದ್ದ ಅತ್ತೆ, ಸಾಲಿನ ಮೇಲೆ ಬೆರಳಿಟ್ಟುಕೊಂಡು ಆ ದರಿದ್ರ ಸಂಗೀತ ಕೇಳುತ್ತ ಕಾದರು. ಗಂಡು ಮಗುವಂತೆ ಎಂದು ಅವನು ವಾಪಸ್ ಬಂದು ಹೇಳಿದ. ಮತ್ತೆ ಓದು. ಮತ್ತೆ ಕಾಲ್, ಈ ಸಲ ಆಂಬುಲೆನ್ಸು. ಮತ್ತೆ ಓದು. ಅತ್ತೆಗೆ ಕೆಮ್ಮು ಬಂತು, ಕೆಮ್ಮಿದರು. ನಾಲಗೆ ತೊಡರಿತು, ಬಿಡಿಸಿಕೊಂಡರು. ಸೀಟಿ ಹಾರುತ್ತಲೇ ಇತ್ತು. ನೀರು ತಂದಿಡುತ್ತಿದ್ದ ಸೊಸೆ ಪ್ರತಿ ತಪ್ಪಿಗೂ ಬೆಚ್ಚಿ ಅತ್ತೆಯ ಮುಖ ನೋಡುತ್ತಿದ್ದಳು. ಅತ್ತೆಗೆ ಇವಳತ್ತ ನೋಡಲು ಪುರುಸೊತ್ತಿರಲಿಲ್ಲ.

ಮೂರನೆಯ ಗಂಟೆಯಲ್ಲಿ, ಪ್ರತಿಕೂಲ ಸಾಕ್ಷಿಯನ್ನು ಪ್ರಶ್ನಿಸುವ ಷರತ್ತುಗಳನ್ನು ಓದುತ್ತಿದ್ದಾಗ ದೊಡ್ಡ ಎಡವಟ್ಟಾಯಿತು. ಎರಡನೆಯ ಷರತ್ತಿನಿಂದ ಕಣ್ಣು ಜಾರಿ ನಾಲ್ಕನೆಯದಕ್ಕೆ ಹೋಯಿತು. ಒಂದು ವಾಕ್ಯ ಓದಿದ ಮೇಲೆ ಅರ್ಥ ಕೂಡಲಿಲ್ಲ. ಅತ್ತೆ ಗಕ್ಕನೆ ನಿಂತರು. ಕುತ್ತಿಗೆ ಕೆಂಪಾಯಿತು. ಈಗ ಪುಸ್ತಕ ಮುಚ್ಚುತ್ತಾರೆ ಅಂದುಕೊಂಡಳು ಸೊಸೆ.

“ಅಯ್ಯೋ, ತಪ್ಪಾಯ್ತು ಕಂದಾ,” ಎಂದರು ಅತ್ತೆ ಫೋನಿಗೆ. “ಮೂರನೇದನ್ನ ನುಂಗಿಬಿಟ್ಟೆ. ತಡಿ, ಮೂರನೇದು ಹೇಳ್ತೀನಿ.” ಮತ್ತು ಹೇಳಿದರು, ನಿಧಾನವಾಗಿ, ಎರಡು ಸಲ. ಸಂಜೆ ಐದೂವರೆಗೆ ಅಧ್ಯಾಯ ಮುಗಿಯಿತು. ಅತ್ತೆಯ ಗಂಟಲು ಕಟ್ಟಿ, ದನಿ ಹರಿದ ಬಟ್ಟೆಯಾಗಿತ್ತು.

ಸೋಮವಾರ ಬೆಳಿಗ್ಗೆ ಸೊಸೆ ಏಳುವಷ್ಟರಲ್ಲಿ ಅವನ ಸಂದೇಶ ಬಂದಿತ್ತು: ಬೆರಳಚ್ಚು ಹೊಂದಿದೆ, ಅರವತ್ನಾಲ್ಕು ಅಕ್ಷರವೂ. ಅವಳು ಅದನ್ನು ಮೂರು ಸಲ ಓದಿದಳು. ಖುಷಿಪಡಲು ಆಗಲಿಲ್ಲ. ಹತ್ತರಿಂದ ಒಂದರವರೆಗೆ ಅತ್ತೆ ಸೊಸೆ ಇಬ್ಬರೂ ಮುಳ್ಳಿನ ಮೇಲೆ ಕೂತಿದ್ದರು. ಸೊಸೆ ಆಫೀಸಿಗೇ ಹೋಗಲಿಲ್ಲ. ಅತ್ತೆ ಒಗೆದ ಬಟ್ಟೆಗಳನ್ನೇ ಮತ್ತೆ ಮಡಿಸಿದರು.

ಒಂದೂ ಕಾಲಿಗೆ ಫೋನ್. ಸೊಸೆ ಸ್ಪೀಕರಿಗೆ ಹಾಕಿದಳು.

“ಹೇಗಾಯ್ತಪ್ಪಾ?” ಅತ್ತೆಯ ದನಿ ಇನ್ನೂ ಒಡಕು.

“ಬರೆದೆ ಅಮ್ಮಾ. ಪೂರ್ತಿ ಬರೆದೆ. ಹದಿನೈದರಿಂದಲೇ ದೊಡ್ಡ ಪ್ರಶ್ನೆ ಬಂತು, ಪ್ರತಿಕೂಲ ಸಾಕ್ಷಿ.” ಅವನು ನಗುತ್ತಿದ್ದನೋ ಏನೋ, ಮಾತು ತಡೆತಡೆದು ಬರುತ್ತಿತ್ತು. “ನಾನು ಹೇಳ್ತೀನಿ, ಬರೆಯೋಕೆ ಅಂತ ಕೊಟ್ಟಿದ್ದ ಹುಡುಗಿ ಬರೀತಾಳೆ. ಮೊದಲ ಷರತ್ತು ಹೇಳ್ದೆ, ಎರಡು ಹೇಳ್ದೆ. ನಿಮ್ಮ ದನಿ ತಲೆಯೊಳಗೆ ಹಾಗೇ ಓಡ್ತಿತ್ತು, ನಾನು ಹಿಂದೆ ಹಿಂದೆ ಹೇಳ್ಕೊಂಡು ಹೋದೆ. ಅವಳು ಪೆನ್ ನಿಲ್ಲಿಸಿ ಕೇಳಿದ್ಳು: ‘ಸರ್, ಅಯ್ಯೋ ತಪ್ಪಾಯ್ತು ಕಂದಾ, ಮೂರನೇದನ್ನ ನುಂಗಿಬಿಟ್ಟೆ — ಇದನ್ನೂ ಉತ್ತರದಲ್ಲಿ ಬರೀಬೇಕಾ?’”

ಅತ್ತೆ ಬಾಯಿಗೆ ಕೈ ಅಡ್ಡ ಹಿಡಿದರು. ಸೊಸೆಗೆ ನಗು ಉಕ್ಕಿತು. ಅತ್ತೆಯ ಕಣ್ಣು ನೋಡಿ ತಡೆದುಕೊಂಡಳು.

“ಬರೆದುಬಿಟ್ಟಿದ್ಳಾ?”

“ಬರೆದೇ ಬಿಟ್ಟಿದ್ಳು ಅಮ್ಮಾ, ಆಮೇಲೆ ಕೇಳಿದ್ದು. ಒಂದು ಗೆರೆ ಹೊಡೆಸ್ದೆ.”

“ಗೆರೆ ಹೊಡೆದ ಮೇಲೆ ಮೂರನೇ ಷರತ್ತು ಬರೆದ್ಯಾ?”

“ಬರೆಸಿದೆ. ನೀವು ಎರಡು ಸಲ ಹೇಳಿದ್ರಲ್ಲ, ಅದಕ್ಕೇ ಅದೊಂದು ಮಾತ್ರ ಅಕ್ಷರ ತಪ್ಪದೆ ಬಂತು.”

ಇಪ್ಪತ್ತಾರು ವರ್ಷ ಒಂದು ಕ್ಷಣವೂ ಮೌನ ಬಿಡದೆ ಓದಿದ ಅತ್ತೆ ಫೋನಿನ ಮುಂದೆ ಸುಮ್ಮನೆ ಅಳುತ್ತಿದ್ದರು. ಆ ಕಡೆಯವನು ಆಪರೇಟರು, ಮೌನ ಕೇಳಿ ಅಭ್ಯಾಸವಿದ್ದವನು. ಲೈನು ಕತ್ತರಿಸದೆ ಕಾಯುತ್ತಿದ್ದ.